ಕರಿಯ, ಗಿಣಿರಾಮ, ಬಸವ

ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಜನಿಗೆ ಮೂವರು ರಾಣಿಯರಿರುತ್ತಾರೆ. ಯಲಹಂಕದ ಚಿಕ್ಕಬೈರಪ್ಪನವರ ಸಂಸಾರ ಅದಕ್ಕಿಂತ ಸ್ವಲ್ಪ ಬೇರೆ. ಅವರಿಗೆ ಇದ್ದ ಹೆಂಡತಿ ಒಬ್ಬಳೇ, ಗಂಗರತ್ನಮ್ಮ. ಮೂರಿದ್ದದ್ದು ಕಾರುಗಳು, ಅದೂ ಒಂದಾದ ಮೇಲೊಂದು. ಆದರೂ ಮನೆಯ ಮರ್ಯಾದೆಯ ಲೆಕ್ಕದಲ್ಲಿ ಗಂಗರತ್ನಮ್ಮನ ಸ್ಥಾನ ಯಾವಾಗಲೂ ಕಾರಿನ ಹಿಂದೆಯೇ ಇತ್ತು.

ಯಾರಾದರೂ ಜಗಲಿಯ ಮೇಲೆ ಕೂತು ಕಾಫಿ ಲೋಟ ಕೈಗೆತ್ತಿಕೊಂಡರೆ ಸಾಕು, ಚಿಕ್ಕಬೈರಪ್ಪನವರು ತಮ್ಮ ಕಾರುಗಳನ್ನು ನೆನೆಯಲು ಶುರುಮಾಡುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು ವಂಶಾವಳಿ ಹಾಡುವ ಹೆಳವರೂ ಅವರ ಮುಂದೆ ನಾಚಬೇಕು. ಮೊದಲನೆಯವನು ಕರಿಯ, ಎರಡನೆಯವನು ಗಿಣಿರಾಮ, ಈಗಿರುವವನು ಬಸವ. ಕಾರಿಗೆ ಹೆಸರು ಇಡುವುದೇ ಎಂದು ಪಟ್ಟಣದವರು ನಕ್ಕರೆ, "ಕಂಪನಿಯೋರು ಇಟ್ಟ ಎಸ್ರು ಕಂಪನಿಯೋರಿಗೆ. ನಮ್ ಕೊಟ್ಟಿಗೇಗ್ ಬಂದ್ಮೇಲೆ ನಮ್ ಎಸ್ರು" ಎನ್ನುತ್ತಿದ್ದರು. ಆ ಮನೆಯಲ್ಲಿ ಬಾಲವಿರುವ ಪ್ರಾಣಿಗೂ ಚಕ್ರವಿರುವ ಪ್ರಾಣಿಗೂ ಭೇದವಿರಲಿಲ್ಲ. ಎರಡೂ ಒಂದೇ ಕೊಟ್ಟಿಗೆಯಲ್ಲಿ ನಿಲ್ಲುತ್ತಿದ್ದವು. ಬೆಳಿಗ್ಗೆ ಎದ್ದು ಎತ್ತಿನ ಬೆನ್ನು ಸವರಿದ ಕೈಯಲ್ಲೇ ಯಜಮಾನರು ಬಾನೆಟ್ಟನ್ನೂ ಸವರುತ್ತಿದ್ದರು. ಹೆಂಡತಿಯ ಬೆನ್ನು ಸವರುವಷ್ಟರಲ್ಲಿ ಹೊತ್ತು ಮೀರಿ ತೋಟಕ್ಕೆ ಹೋಗಬೇಕಾಗುತ್ತಿತ್ತು.

ಅವರು ಹೇಳುವ ಕಥೆಯಲ್ಲಿ ಒಂದು ಸಂಗತಿ ಮಾತ್ರ ಯಾವತ್ತೂ ಬರುತ್ತಿರಲಿಲ್ಲ. ಮೂರು ಕಾರು ಕಂಡ ಆ ಮನೆಯ ಸೊಸೆ ಒಂದು ಸಲವೂ ಕಾರಿನಲ್ಲಿ ತವರಿಗೆ ಹೋಗಿರಲಿಲ್ಲ. ಲೋಟ ಹಿಂದಕ್ಕೆ ತೆಗೆದುಕೊಳ್ಳಲು ಬಾಗಿಲಲ್ಲಿ ನಿಂತ ಗಂಗರತ್ನಮ್ಮನಿಗೆ ಕಥೆಯ ಆ ಭಾಗವೇ ಬಾಯಿಪಾಠವಾಗಿತ್ತು.

ತವರು ಎಂದರೆ ಏಳು ಸಮುದ್ರದ ಆಚೆಯ ದ್ವೀಪವೇನಲ್ಲ. ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ ಐದಾರು ಮೈಲಿಗೆ ರಾಜಾನುಕುಂಟೆ. ರೈಲಿದೆ, ಬಸ್ಸಿದೆ, ಗಾಡಿಯಿದೆ, ಕಾಲಿದ್ದವರಿಗೆ ಕಾಲೂ ಇದೆ. ಆದರೆ ಅವಳ ಅವ್ವ ಲಕ್ಕಮ್ಮನಿಗೆ ಬೇಕಿದ್ದದ್ದು ಕಾರು. ಅದಕ್ಕೆ ಕಾರಣವೂ ಇತ್ತು. ಗಂಗರತ್ನಮ್ಮನನ್ನು ಎರಡು ಕಡೆಯಿಂದ ಹೆಣ್ಣು ಕೇಳಿ ಬಂದಿದ್ದರು. ಒಬ್ಬ ಚಿಕ್ಕಬಾಣಾವರದ ಮೇಷ್ಟ್ರು. ಸೈಕಲ್ಲಿನವನು, ಸಾಧು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಇನ್ನೊಬ್ಬರು ದ್ರಾಕ್ಷಿ ತೋಟದ ಚಿಕ್ಕಬೈರಪ್ಪನವರು. ವೀಳ್ಯ ಬದಲಾಯಿಸುವ ದಿನ ಎಲ್ಲರ ಮುಂದೆ ಎದೆ ತಟ್ಟಿ, "ನಿಮ್ ಮಗ್ಳು ನಿಮ್ ಬಾಗ್ಲಲ್ಲಿ ಕಾರಿಂದ ಇಳೀತಾಳೆ, ಬರ್ಕೊಳ್ಳಿ" ಎಂದಿದ್ದರು. ಲಕ್ಕಮ್ಮನಿಗೆ ಬರೆಯಲು ಬಾರದು, ನೆನಪಿಟ್ಟುಕೊಳ್ಳಲು ಬರುತ್ತಿತ್ತು. ಬೀದಿಯವರೆಲ್ಲ ಮೇಷ್ಟ್ರೇ ಸರಿ ಎಂದರೂ ಆಕೆ ಕಾರನ್ನು ಆರಿಸಿದಳು. ಎದುರು ಮನೆಯ ಗೌರಮ್ಮ ಅವತ್ತಿನಿಂದ ಕಾಯುತ್ತಾ ಕೂತಳು. ಲಕ್ಕಮ್ಮನ ಮಗಳು ಬಸ್ಸಿಳಿದು ಗಂಟು ಹೊತ್ತು ಬಂದಾಗಲೆಲ್ಲ ಗೌರಮ್ಮ ಮೊರ ಕೆಳಗಿಟ್ಟು ಕೇಳುತ್ತಿದ್ದಳು, "ಕಾರು ಇಂದ್ಗಡೆ ಬರ್ತೈತಾ ರತ್ನಮ್ಮಾ? ಇಲ್ಲ, ದಾರಿ ತಪ್ಪೈತಾ?"

ಕರಿಯ ಬಂದದ್ದು ಮದುವೆಯ ವರ್ಷವೇ. ದಂಡಿನಲ್ಲಿದ್ದ ಬಿಳಿಯ ದೊರೆಯೊಬ್ಬ ಗಂಟುಮೂಟೆ ಕಟ್ಟಿ ಹಡಗು ಹತ್ತುವಾಗ ಬಿಟ್ಟುಹೋದ ಮುದಿ ಕಾರು ಅದು. ಮೂತಿಗೆ ಕಬ್ಬಿಣದ ಹಿಡಿ ಸಿಕ್ಕಿಸಿ ರಾಗಿಕಲ್ಲಿನಂತೆ ತಿರುಗಿಸಿದರೆ ಮಾತ್ರ ಉಸಿರಾಡುತ್ತಿತ್ತು. ಮೊದಲ ಗೌರಿಹಬ್ಬಕ್ಕೆ ತವರಿಗೆ ಹೊರಡಬೇಕು. ಗಂಗರತ್ನಮ್ಮ ಮಡಿಲು ತುಂಬಿಸಿಕೊಂಡು ಹೊಸ್ತಿಲಲ್ಲಿ ನಿಂತಳು. ಹಿರಿಯರೆಂದು ಅತ್ತೆ ಮುಂದೆ ಕೂತರು. ಅತ್ತೆ ಹೋದಮೇಲೆ ನಾದಿನಿ ಬೇಡವೇ? ನಾದಿನಿ ಹೋದಮೇಲೆ ಅವಳ ಮಕ್ಕಳು ಬೇಡವೇ? ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಪಟೇಲರು "ಎತ್ಲಾಗೆ?" ಎಂದು ಕೇಳಿದರು. ಪಟೇಲರು ಕೇಳಿದ ಮೇಲೆ ಹತ್ತಿಸಿಕೊಳ್ಳದೆ ಇರುವುದುಂಟೇ?

"ರತ್ನ, ನೀನು ಗಾಡೀಲಿ ಬಾ" ಎಂದರು ಅತ್ತೆ ಕಿಟಕಿಯಿಂದ. "ನಿಂದೇ ಊರಲ್ವಾ, ದಾರಿ ಗೊತ್ತೈತಲ್ಲ."

ದಾರಿ ಗೊತ್ತಿತ್ತು. ಎತ್ತುಗಳಿಗೂ ಗೊತ್ತಿತ್ತು. ಅರ್ಧ ದಾರಿಯ ಮಾವಿನ ತೋಪಿನ ಹತ್ತಿರ ಕರಿಯ ಹೊಗೆ ಕಾರುತ್ತಾ ನಿಂತಿದ್ದ. ಗಂಡ ಹಿಡಿ ತಿರುಗಿಸಿ ತಿರುಗಿಸಿ ಬೆವರುತ್ತಿದ್ದರು, ಪಟೇಲರು ಪಂಚೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಗಾಡಿ ಗಲ್ ಗಲ್ ಎನ್ನುತ್ತಾ ಪಕ್ಕದಲ್ಲೇ ಹಾದು ಹೋಗುವಾಗ ಅತ್ತೆ ಆಕಾಶ ನೋಡಿದರು. ಯಲಹಂಕದ ವಿಮಾನಗಳು ಅವತ್ತು ಅಷ್ಟೊಂದು ಚೆನ್ನಾಗಿ ಹಾರುತ್ತಿದ್ದಿರಬೇಕು. ರಾಜಾನುಕುಂಟೆ ತಲುಪಿದ್ದು ಸೊಸೆ ಮಾತ್ರ, ಗಾಡಿಯಲ್ಲಿ. ಗೌರಮ್ಮ ಮೊರ ಕೆಳಗಿಟ್ಟಳು.

ಮುಂದೆ ಬಾಣಂತನಕ್ಕೆ ಹೊರಟಾಗಲೂ ಗಾಡಿಯೇ. "ಕಾರು ಕುಲುಕ್ತದೆ ಕಣೇ, ಎತ್ತಾದ್ರೆ ಬಸುರಿ ಅಂದ್ರೆ ಏನು ಅಂತ ತಿಳೀತದೆ" ಎಂದರು ಯಜಮಾನರು. ಎತ್ತಿಗೆ ತಿಳಿದದ್ದು ತಮಗೆ ತಿಳಿಯದೇ ಹೋಯಿತೆಂದು ಅವರಿಗೆ ಅನ್ನಿಸಲಿಲ್ಲ.

ಕರಿಯನ ಕಾಲ ಮುಗಿದು ಗಿಣಿರಾಮ ಬಂದ. ಮೈಸೂರು ರಾಜ್ಯ ದೊಡ್ಡದಾದ ವರ್ಷ ಅದು. ಎಲ್ಲವೂ ದೊಡ್ಡದಾಗಬೇಕೆಂದು ಚಿಕ್ಕಬೈರಪ್ಪನವರೂ ದೊಡ್ಡ ಕಾರನ್ನೇ ತಂದರು. ಗಿಳಿಯ ಬಣ್ಣ, ಅಗಲವಾದ ಹಿಂದಿನ ಸೀಟು. ಗಂಗರತ್ನಮ್ಮನಿಗೆ ಆ ಸೀಟು ನೋಡಿ ಅಜ್ಜಿ ಹೇಳುತ್ತಿದ್ದ ಕಥೆಯ ಹಾರುವ ಮಂಚ ನೆನಪಾಯಿತು. ಕಣ್ಣು ಮುಚ್ಚಿ ಬಿಟ್ಟರೆ ತವರು. ಅವಳು ನಿಜವಾಗಿಯೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸೀಟು ಬಿಚ್ಚಿ ಅಟ್ಟಕ್ಕೆ ಹೋಗಿತ್ತು. ಆ ಜಾಗದಲ್ಲಿ ದ್ರಾಕ್ಷಿ ಬುಟ್ಟಿಗಳು ಕೂತು ದಿನಾ ಮಾರ್ಕೆಟ್ಟಿಗೆ ಸವಾರಿ ಹೋಗತೊಡಗಿದವು. ಹೆಬ್ಬಾಳದ ಕೆರೆ ಏರಿ, ದಂಡು, ಪೇಟೆ, ಎಲ್ಲವನ್ನೂ ದ್ರಾಕ್ಷಿ ನೋಡಿತು.

ಒಂದು ಯುಗಾದಿಗೆ ಮಾತ್ರ ಸೀಟು ಕೆಳಗಿಳಿಯಿತು. ಗಂಗರತ್ನಮ್ಮ ಮದುವೆಯ ಧರ್ಮಾವರದ ಸೀರೆ ಉಟ್ಟು ಹತ್ತಿ ಕೂತಳು. ದ್ರಾಕ್ಷಿ ರಸಕ್ಕೆ ಸೀಟು ಅಂಟಂಟಾಗಿತ್ತು. ಇರಲಿ, ಕಾರು ಹೊರಟಿತಲ್ಲ. ಊರು ದಾಟಿ ರೈಲ್ವೆ ಗೇಟು ಬಂತು. ಗೇಟು ಹಾಕಿತ್ತು. ಗಿಣಿರಾಮ ನಿಂತ. ರೈಲು ಹೋಯಿತು, ಗೇಟು ತೆರೆಯಿತು, ಗಿಣಿರಾಮ ಮಾತ್ರ ನಿಂತೇ ಇದ್ದ. ಮುಂಚಿನ ದಿನ ಪೆಟ್ರೋಲು ಹಾಕಿಸಲು ಯಜಮಾನರು ಮರೆತಿದ್ದರು. ಆದರೆ ಅದು ಅವರಿಗೆ ಹೊಳೆದದ್ದು ಸಂಜೆಗೆ.

"ಒಸಿ ಇಳ್ದು ತಳ್ಳೇ" ಎಂದರು.

"ನೀವು?"

"ನಾನಿಳಿದ್ರೆ ಸ್ಟೇರಿಂಗು ಯಾರ್ ಇಡ್ಕೊಳ್ಳೋರು? ಅದು ನಂಗ್ ಮಾತ್ರ ಬರೋದು."

ಅವಳು ಜರಿಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳಿದಳು. ಹಿಂದೆ ಬಂದ ಗಾಡಿಯವರು ನಿಂತು ನೋಡಿದರು, ಎದುರಿಗೆ ಬಂದ ಬಸ್ಸಿನವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ಯಜಮಾನರು ಸ್ಟೇರಿಂಗು ಹಿಡಿದು, ಮದುಮಗನ ಹಾಗೆ ನೆಟ್ಟಗೆ ಕೂತು, "ಅಂಗೇ, ಅಂಗೇ, ಇನ್ನೊಸಿ" ಎಂದು ಉತ್ಸಾಹ ತುಂಬಿದರು. ಕೊನೆಗೆ ಕಾರು ತಳ್ಳಿಸಿಕೊಂಡೇ ತಿರುಗಿ ಮನೆಯ ಕಡೆಗೇ ಹೋಯಿತು. ತವರಲ್ಲಿ ಒಬ್ಬಟ್ಟು ಮಾಡಿಟ್ಟು ಕಾದಿದ್ದ ಲಕ್ಕಮ್ಮ ಕತ್ತಲಾದ ಮೇಲೆ ಅದನ್ನು ಬೀದಿಯ ಮಕ್ಕಳಿಗೆ ಹಂಚಿದಳಂತೆ. ಗೌರಮ್ಮನೂ ಒಂದು ತಿಂದು, "ಕಾರಿನ್ ಒಬ್ಬಟ್ಟು ರುಚಿಯಾಗೈತೆ" ಎಂದಳಂತೆ.

ಮೂರನೆಯವನು ಬಸವ. ಮುದಿ ಕಾರುಗಳ ಸಹವಾಸ ಸಾಕೆಂದು ಹೊಸದಕ್ಕೇ ಹೆಸರು ಬರೆಸಿದರು. ಚೀನಾ ಯುದ್ಧದ ವರ್ಷ ಬರೆಸಿದ ಕಾರು ಪಾಕಿಸ್ತಾನದ ಯುದ್ಧ ಮುಗಿದ ಮೇಲೆ ಬಂತು. ಹಾಲುಬಿಳಿ ಬಣ್ಣ, ಸೀಟಿನ ಮೇಲೆ ಗಾಜಿನಂಥ ಪ್ಲಾಸ್ಟಿಕ್ ಹಾಳೆಯ ಹೊದಿಕೆ. ಹೊದಿಕೆ ತೆಗೆಯುವಂತಿಲ್ಲ, ಅದರ ಮೇಲೆ ಕೂರುವಂತಿಲ್ಲ. "ಒಸ ಎತ್ತಿಗೆ ಮೊದಲ್ನೇ ವರ್ಷ ಒರೆ ಒರಿಸ್ಬಾರ್ದು" ಎಂಬುದು ಯಜಮಾನರ ಶಾಸ್ತ್ರ. ಹೊರೆ ಎಂದರೆ ಯಾರು ಎಂದು ಗಂಗರತ್ನಮ್ಮ ಕೇಳಲಿಲ್ಲ. ಸಂಜೆ ಸಂಜೆ ಅವರು ಕೊಟ್ಟಿಗೆಗೆ ಹೋಗಿ, ಮೇಲಿನ ಕಂಬಳಿ ಸರಿಸಿ, ಒಳಗೆ ಕೂತು, ಒಂದು ಸಲ ಹಾರನ್ ಒತ್ತಿ, ಇಳಿದು ಬರುತ್ತಿದ್ದರು. ಎತ್ತುಗಳು ಮೊದಮೊದಲು ಬೆದರುತ್ತಿದ್ದವು. ಆಮೇಲಾಮೇಲೆ ಮನುಷ್ಯನ ಸ್ವಭಾವವೇ ಹೀಗೆ ಎಂದು ಸುಮ್ಮನಾದವು.

ಆ ಸುಗ್ಗಿಯ ಹೊತ್ತಿಗೆ ಲಕ್ಕಮ್ಮನ ಬಲಗಣ್ಣು ಪೂರಾ ಪೊರೆ ಬಂದು ಮುಚ್ಚಿತ್ತು. ಎಡಗಣ್ಣಿನಲ್ಲಿ ಹೊಗೆಯೊಳಗಿನ ದೀಪದಷ್ಟು ಬೆಳಕು ಉಳಿದಿತ್ತು. ಆಪರೇಷನ್ ಎಂದರೆ ಒಲ್ಲೆ. ಗಂಗರತ್ನಮ್ಮ ಬಸ್ಸಿನಲ್ಲಿ ಹೋಗಿ ನೋಡಿದಾಗ ಅವ್ವ ಅವಳ ಮುಖ ಸವರಿ ಹೇಳಿದಳು: "ನಂಗಿನ್ನೇನೂ ನೋಡೋದ್ ಬ್ಯಾಡ ಕಣ್ ಮಗ. ನೀನು ನಮ್ ಬಾಗ್ಲಲ್ಲಿ ಕಾರಿಂದ ಇಳಿಯೋದೊಂದ್ ನೋಡ್ಬುಟ್ರೆ, ಈ ಕಣ್ಣು ಓಯ್ತದಾ, ಓಗ್ಲಿ." ಆಮೇಲೆ ದನಿ ತಗ್ಗಿಸಿ, "ಮೇಷ್ಟ್ರು ಒಳ್ಳೆ ಉಡ್ಗ ಕಣೇ. ನಾನೇ ಬ್ಯಾಡ ಅಂದೆ" ಎಂದಳು.

ಬಸ್ಸಿನಲ್ಲಿ ವಾಪಸು ಬರುವಾಗ ಗಂಗರತ್ನಮ್ಮ ಕಿಟಕಿಗೆ ತಲೆ ಆನಿಸಿಕೊಂಡು ಕೂತಿದ್ದಳು. ಅವ್ವ ತನ್ನ ಮಗಳನ್ನು ಕಾರಿಗೆ ಕೊಟ್ಟಿದ್ದಳು, ಕಾರು ಮಗಳನ್ನು ವಾಪಸು ತಂದುಕೊಡಲಿಲ್ಲ. ಮನೆಗೆ ಬಂದವಳೇ ಗಂಡನ ತಟ್ಟೆಗೆ ಮುದ್ದೆ ಬಡಿಸಿ, ಸಾರು ಬಡಿಸದೆ ಸೌಟು ಹಿಡಿದು ನಿಂತಳು.

"ಅವ್ವನ ಕಣ್ಣು ಓಗ್ತಾ ಐತೆ. ಸಂಕ್ರಾಂತಿ ಮಾರ್ನೇ ದಿನ ಬೆಳಿಗ್ಗೆ ನಾನು ಕಾರಲ್ಲಿ ಓಗ್ಬೇಕು."

ಚಿಕ್ಕಬೈರಪ್ಪನವರು ಸೌಟನ್ನು ನೋಡಿದರು, ಮುದ್ದೆಯನ್ನು ನೋಡಿದರು. "ಆಯ್ತು ಕಣೇ. ನಾನೇನ್ ಬ್ಯಾಡ ಅಂದ್ನಾ? ಅಬ್ಬ ಒಂದು ಮುಗೀಲಿ. ಬಸ್ವಂಗೆ ಕಿಚ್ಚು ಹಾಯಿಸ್ಬುಟ್ಟು ಓಗಾನ."

ಅವಳು ಸಾರು ಬಡಿಸಿದಳು. ಕೊನೆಯ ಮಾತು ಅವಳ ಕಿವಿಗೆ ಬಿದ್ದರೂ ಎತ್ತಿನ ವಿಷಯವೆಂದುಕೊಂಡಳು. ಬುದ್ಧಿಯಿರುವ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಸಂಕ್ರಾಂತಿಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿದರು. ಬಸವನನ್ನೂ ತೊಳೆದರು. ದೀಪಗಳಿಗೆ ಅರಿಶಿನ, ಬಾನೆಟ್ಟಿಗೆ ಕುಂಕುಮ, ಬಂಪರಿಗೆ ಎರಡು ಕಬ್ಬು. ಯಜಮಾನರು ಸಿಹಿ ಹುಗ್ಗಿಯ ಒಂದು ಉಂಡೆಯನ್ನು ಎತ್ತುಗಳ ಬಾಯಿಗಿಟ್ಟು, ಇನ್ನೊಂದನ್ನು ಕಾರಿನ ಮೂತಿಯ ಜಾಲರಿಗೆ ಮೆತ್ತಿದರು. ಇಷ್ಟೆಲ್ಲ ಆಗುವಾಗ ಗಂಗರತ್ನಮ್ಮ ಒಳಗೆ ಎಳ್ಳುಬೆಲ್ಲ ಹಂಚುತ್ತಾ ನಾಳೆ ಉಡುವ ಸೀರೆಯ ಯೋಚನೆಯಲ್ಲಿದ್ದಳು. ಸಂಜೆ ಊರಬಾಗಿಲಲ್ಲಿ ಹುಲ್ಲು ಹರಡಿ ಕಿಚ್ಚು ಹಚ್ಚುವ ಹೊತ್ತಿಗೆ ಹೊರಬಂದು ನೋಡಿದರೆ ಎತ್ತುಗಳ ಸಾಲಿನ ಕೊನೆಯಲ್ಲಿ ಬಸವ ನಿಂತಿದ್ದ. ಒಳಗೆ ಯಜಮಾನರು ಪೇಟ ಸುತ್ತಿ ಕೂತಿದ್ದರು.

ಕಾರು ರಿಪೇರಿಯ ಮಜೀದ್ ಯಶವಂತಪುರದಿಂದ ಹಬ್ಬದೂಟಕ್ಕೆ ಬಂದಿದ್ದ. ಮೂರೂ ಕಾರುಗಳ ಕಾಯಿಲೆಯಲ್ಲಿ ಅವನ ಸಂಸಾರ ನೆಮ್ಮದಿಯಾಗಿ ನಡೆದಿತ್ತು. ಅವನು ಕಿಟಕಿಯ ಹತ್ತಿರ ಬಗ್ಗಿದ.

"ಗೌಡ್ರೇ, ಬ್ಯಾಡಿ. ಇದ್ರ ಹೊಟ್ಟೇಲಿ ಪೆಟ್ರೋಲ್ ಐತೆ."

"ಎತ್ತಿನ್ ಒಟ್ಟೇಲಿ ಉಲ್ಲಿಲ್ವೇನೋ? ಉಲ್ಲೂ ಉರೀತದೆ."

ಮಜೀದ್ ಇನ್ನೊಂದು ಸಲ ಬೇಡ ಎನ್ನಲಿಲ್ಲ. ನಾಳೆಯ ದುಡಿಮೆಗೆ ಯಾರೂ ಇವತ್ತು ಅಡ್ಡ ಬರುವುದಿಲ್ಲ.

"ನಾಳೆ ತವರಿಗೆ ಓಗೋದೈತೆ" ಎಂದಳು ಗಂಗರತ್ನಮ್ಮ ಮುಂದೆ ಬಂದು.

"ಅದ್ಕೇ ಕಣೇ ಕಿಚ್ಚು ಹಾಯಿಸ್ತಿರೋದು. ದೃಷ್ಟಿ ಆಗೈತೆ ಇದ್ಕೆ. ದೃಷ್ಟಿ ಕಳ್ದು ಓದ್ರೆ ದಾರೀಲಿ ನಿಲ್ಲಲ್ಲ."

ಎತ್ತುಗಳು ಒಂದೊಂದಾಗಿ ಹಾರಿದವು. ಎತ್ತಿಗೆ ಬೆಂಕಿ ಎಂದರೆ ಭಯ, ಅದಕ್ಕೇ ಹಾರುತ್ತದೆ, ಆಚೆ ಬೀಳುತ್ತದೆ. ಶಾಸ್ತ್ರ ನಡೆಯುವುದೇ ಆ ಭಯದ ಮೇಲೆ. ಕಾರಿಗೆ ಭಯವಿಲ್ಲ. ಬಸವ ಗುರ್ ಎಂದು ಸರಿಯಾಗಿಯೇ ನುಗ್ಗಿದ. ಭಯವಾದದ್ದು ಒಳಗಿದ್ದವರಿಗೆ. ಜ್ವಾಲೆ ಗಾಜಿನ ಮುಂದೆ ಎದ್ದದ್ದೇ ತಡ, ಚಿಕ್ಕಬೈರಪ್ಪನವರ ಕಾಲು ತಾನಾಗಿ ಬ್ರೇಕನ್ನು ತುಳಿಯಿತು. ಬಸವ ಕಿಚ್ಚಿನ ನಟ್ಟನಡುವೆ, ಹೇಳಿದ ಮಾತು ಕೇಳುವ ಮಗನ ಹಾಗೆ, ನಿಂತುಕೊಂಡ.

ಮಜೀದ್ ನುಗ್ಗಿ ಬಾಗಿಲು ಕಿತ್ತು ಗೌಡರನ್ನು ಪೇಟದ ಸಮೇತ ಎಳೆದುಹಾಕಿದ. ಅವನ ಎರಡೂ ಅಂಗೈ ಬೊಬ್ಬೆ ಎದ್ದವು. ಕಿಚ್ಚು ಆರಿಸಲು ತುಂಬಿಟ್ಟಿದ್ದ ಕೊಡಗಳೆಲ್ಲ ಬಸವನ ಮೇಲೆ ಸುರಿದವು. ಪೆಟ್ರೋಲು ಹೊತ್ತಿಕೊಳ್ಳಲಿಲ್ಲ. ಚಕ್ರಗಳು ಉಳಿದವು, ಸೀಟು ಉಳಿಯಿತು, ಹುಗ್ಗಿಯೂ ಚೆನ್ನಾಗಿ ಸುಟ್ಟು ಜಾಲರಿಯಲ್ಲೇ ಉಳಿಯಿತು. ಒಳಗಿನ ವೈರುಗಳು ಮಾತ್ರ ಕರಿ ಶಾವಿಗೆಯಾಗಿದ್ದವು.

"ದೃಷ್ಟಿ ಅಂದ್ರೆ ದೃಷ್ಟಿ. ನೋಡಿದ್ರಾ ಎಂಗಿತ್ತು?" ಎಂದರು ಯಜಮಾನರು, ಹುಬ್ಬಿನ ಬೂದಿ ಒರೆಸಿಕೊಳ್ಳುತ್ತಾ.

ಗಂಗರತ್ನಮ್ಮ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಅದೇ ಧರ್ಮಾವರದ ಸೀರೆ ಉಟ್ಟು, ಎಳ್ಳು, ಕಬ್ಬು, ಬಾಳೆಹಣ್ಣಿನ ಗಂಟು ಹಿಡಿದು ಊರಬಾಗಿಲಿಗೆ ಹೋದಳು. ಮಸಿ ಹಿಡಿದು ನಿಂತಿದ್ದ ಬಸವನ ಹಿಂದಿನ ಬಾಗಿಲು ತೆರೆದು ಒಳಗೆ ಕೂತಳು. ಸೀಟಿನ ಪ್ಲಾಸ್ಟಿಕ್ ಹಾಳೆ ಅವಳ ಕೆಳಗೆ ಚರಚರ ಎಂದಿತು. ಅವಳು ಅದನ್ನು ಒಂದು ಮೂಲೆಯಿಂದ ಹಿಡಿದು ಪೂರಾ ಸುಲಿದು ಕಿಟಕಿಯಿಂದ ಹೊರಗೆ ಹಾಕಿದಳು.

ಸುದ್ದಿ ಕೇಳಿ ಯಜಮಾನರು ಓಡಿ ಬಂದರು. "ಇದೇನೇ ಇದು? ಬಸ್ಸಿಗೆ ಒತ್ತಾಯ್ತು, ಇಳಿ."

"ಕಾರಲ್ಲಿ ಓಗ್ತೀನಿ."

"ಇದು ಓಡಲ್ಲ ಕಣೇ."

"ಓಡೋದ್ ಬ್ಯಾಡ. ಓದ್ರೆ ಸಾಕು. ಎತ್ತು ಕಟ್ಸಿ."

"ಎತ್ತಾ? ಕಾರಿಗಾ? ಯಲಂಕದಲ್ಲಿ ನಾನು ತಲೆ ಎತ್ಕೊಂಡ್ ತಿರುಗ್ಬೇಕಾ ಬ್ಯಾಡ್ವಾ?"

"ಬಸ್ವ ನಿಮ್ ಕೊಟ್ಟಿಗೇಲೇ ಬೆಳ್ದೋನಲ್ವಾ? ಅಣ್ಣತಮ್ಮ ಎಳೀತಾರೆ ಬುಡಿ."

ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಬಿಸಿಲೇರಿತು. ಅತ್ತೆ ಬಂದು ಬೈದರು, ಪಟೇಲರು ಬಂದು ಬುದ್ಧಿ ಹೇಳಿದರು. ಅವಳು ಪಟೇಲರಿಗೆ ಎಳ್ಳುಬೆಲ್ಲ ಕೊಟ್ಟಳು, ಇಳಿಯಲಿಲ್ಲ. ಕೊನೆಗೆ ಯಜಮಾನರು, ನಿಂತು ನೋಡುವವರ ಮುಂದೆ ಹೆಂಡತಿಯ ಹತ್ತಿರ ಸೋಲುವುದಕ್ಕಿಂತ ರಸ್ತೆಯಲ್ಲಿ ಸೋಲುವುದು ಮೇಲೆಂದು, ಆಳು ಮುನಿಆಂಜಿನಪ್ಪನನ್ನು ಕರೆದು ನೊಗ ತರಿಸಿದರು.

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಹಗ್ಗ ಹಿಡಿದ ಮುನಿಆಂಜಿನಪ್ಪ, ಬಣ್ಣದ ಕೊಂಬಿನ ಎತ್ತುಗಳು, ಹಿಂದೆ ಅರ್ಧ ಹಾಲು ಅರ್ಧ ಮಸಿ ಬಣ್ಣದ ಬಸವ. ಸ್ಟೇರಿಂಗಿನಲ್ಲಿ ಚಿಕ್ಕಬೈರಪ್ಪನವರು, ಪಕ್ಕದಲ್ಲಿ ಅಂಗೈಗೆ ಬಟ್ಟೆ ಸುತ್ತಿಕೊಂಡ ಮಜೀದ್. ದಾರಿಯಲ್ಲಿ ಕೇಳಿದವರಿಗೆಲ್ಲ ಯಜಮಾನರು, "ಒಸ ಕಾರು, ಇಂಜಿನ್ನಿಗೆ ರೆಸ್ಟು ಕೊಟ್ಟಿದೀವಿ" ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಗಂಗರತ್ನಮ್ಮ ಅಗಲವಾಗಿ ಕೂತು, ದ್ರಾಕ್ಷಿ ಬುಟ್ಟಿಗಳು ನೋಡಿದ್ದ ಹಾಗೆಯೇ ಲೋಕವನ್ನು ನೋಡಿದಳು. ರೈಲ್ವೆ ಗೇಟು ತೆರೆದಿತ್ತು. ಮಾವಿನ ತೋಪು ಹಿಂದಕ್ಕೆ ಹೋಯಿತು.

ರಾಜಾನುಕುಂಟೆಯ ಬೀದಿ ಕಾಣುವಷ್ಟರಲ್ಲಿ ಯಜಮಾನರು ಹಿಂದೆ ತಿರುಗಿದರು. ದನಿ ಇಳಿದಿತ್ತು. "ರತ್ನ, ಎತ್ತು ಇಲ್ಲೇ ಬಿಚ್ಚಾನ. ಆ ಗೌರಮ್ಮನ್ ಮುಂದೆ ಎತ್ತು ಕಟ್ಕೊಂಡು ಓದ್ರೆ ನಾನ್ ಸತ್ತಂಗೆ. ಇಳುಕ್ಲು ಐತೆ, ಒಸಿ ತಳ್ಳಿದ್ರೆ ಬಾಗ್ಲು ಮುಟ್ತದೆ."

"ಬಿಚ್ಚಿ."

ಎತ್ತುಗಳು ಮುನಿಆಂಜಿನಪ್ಪನ ಜೊತೆ ಹುಣಸೆಮರದ ಕೆಳಗೆ ಉಳಿದವು. ಯಜಮಾನರು ಮಜೀದನ ಕಡೆ ನೋಡಿದರು. ಮಜೀದ್ ಬಟ್ಟೆ ಸುತ್ತಿದ ಎರಡೂ ಕೈ ಎತ್ತಿ ತೋರಿಸಿದ. "ಮೊಣಕೈಯಲ್ಲಿ ಸ್ಟೇರಿಂಗು ಹಿಡೀಬೋದು ಗೌಡ್ರೇ. ತಳ್ಳೋಕಾಗಲ್ಲ."

ಯಜಮಾನರು ಹೆಂಡತಿಯ ಕಡೆ ನೋಡಿದರು.

"ನನ್ನೇನ್ ನೋಡ್ತೀರಾ?" ಎಂದಳು ಗಂಗರತ್ನಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ. "ನಂಗ್ ಕೂತ್ಕೊಳ್ಳೋಕ್ ಮಾತ್ರ ಬರೋದು."

ಚಿಕ್ಕಬೈರಪ್ಪನವರು ಪೇಟ ಬಿಚ್ಚಿ ಸೀಟಿನ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ಬಸವನ ಬೆನ್ನಿಗೆ ಕೈ ಕೊಟ್ಟರು. ದಿನಾ ಬಾನೆಟ್ಟು ಸವರುತ್ತಿದ್ದ ಕೈಯೇ ಅದು. ಬಸವ ಮೆಲ್ಲಗೆ ಉರುಳಿ, ಬೀದಿ ತಿರುಗಿ, ಒಂದಿಷ್ಟೂ ಸದ್ದಿಲ್ಲದೆ ಲಕ್ಕಮ್ಮನ ಬಾಗಿಲ ಮುಂದೆ ಬಂದು ನಿಂತ.

ಗೌರಮ್ಮ ಮೊರ ಕೆಳಗಿಟ್ಟಳು. ಈ ಸಲ ಕೇಳಲು ಏನೂ ಸಿಗಲಿಲ್ಲ, ಮತ್ತೆ ಮೊರ ಎತ್ತಿಕೊಂಡಳು.

ಲಕ್ಕಮ್ಮ ಹಣೆಗೆ ಕೈ ಅಡ್ಡ ಹಿಡಿದು ಎದ್ದು ನಿಂತಳು. ಗಂಗರತ್ನಮ್ಮ ಬಾಗಿಲು ತೆರೆದು, ಸೀರೆಯ ನೆರಿಗೆ ಹಿಡಿದು, ಒಂದು ಕಾಲು ಇಟ್ಟು, ಇನ್ನೊಂದು ಕಾಲು ಇಟ್ಟು ಇಳಿದಳು.

"ಕಾರಾ ಮಗ?"

"ಊಂ ಕಣವ್ವ. ಕಾರೇ."

ಅವ್ವ ತಡವರಿಸಿ ಬಂದು ಬಾಗಿಲು ಮುಟ್ಟಿದಳು, ಬಾನೆಟ್ಟು ಮುಟ್ಟಿದಳು, ಜಾಲರಿಯಿಂದ ಸುಟ್ಟ ಹುಗ್ಗಿಯ ಚೂರೊಂದನ್ನು ಕಿತ್ತು ಮೂಸಿದಳು. "ಸದ್ದೇ ಇಲ್ವಲ್ಲೇ. ದೊಡ್ಡೋರ್ ಕಾರು ಇಂಗೇ ಇರ್ಬೇಕು. ಅಳಿಯಂದ್ರು ಎಲ್ಲವ್ರೆ?"

"ಇಂದ್ಗಡೆ ಬರ್ತಾವ್ರೆ" ಎಂದಳು ಗಂಗರತ್ನಮ್ಮ. ಕಾರಿನ ಬೆನ್ನಿನ ಹಿಂದಿನಿಂದ ಕಮ್ಮಾರನ ತಿದಿ ಒತ್ತಿದಂಥ ಏದುಸಿರು ಕೇಳಿಸುತ್ತಿತ್ತು.

ಲಕ್ಕಮ್ಮ ಕಣ್ಣು ಕಿರಿದು ಮಾಡಿ ಹಾಲುಬಿಳಿಯ ಆ ಮಬ್ಬನ್ನು, ಅದರ ಪಕ್ಕದ ಸೀರೆಯ ಬಣ್ಣವನ್ನು ನೋಡುತ್ತಾ ನಿಂತಳು. ಆಮೇಲೆ ಮಗಳ ತೋಳು ಹಿಡಿದು, ಎದುರು ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಮೊದಲ್ನೇ ಕಿತ ಸರಿಯಾಗ್ ಕಾಣ್ಲಿಲ್ಲ ಮಗ. ಅತ್ತಿ ಕೂತ್ಕೊಂಡು ಇನ್ನೊಂದ್ ಕಿತ ಇಳಿ."

ಗಂಗರತ್ನಮ್ಮ ಮತ್ತೆ ಹತ್ತಿ ಕೂತು ಬಾಗಿಲು ಹಾಕಿಕೊಂಡಳು. ಆಮೇಲೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹಿಂದಕ್ಕೆ ಕೂಗಿದಳು.

"ರೀ, ಒಸಿ ಇಂದಕ್ಕೆ ಎಳ್ಕೊಳ್ಳಿ. ಅವ್ವ ಇನ್ನೊಂದ್ ಸಲ ನೋಡ್ಬೇಕಂತೆ, ಬೀದಿ ತಿರುವಿಂದ ಬರಾನ."